ಜಂಬವ್ವನ ಕಾಗದದ ಮೂತಿ

ಕಡ್ಡಿರಾಂಪುರದಲ್ಲಿ ಕೋಳಿ ಕೂಗುವ ಮೊದಲೇ ಜಂಬವ್ವನ ಒರಳಿನ ಸದ್ದು ಏಳುತ್ತದೆ. ನೆನೆದ ಹಳೆಯ ಕಾಗದ, ಜೊತೆಗೆ ಒಂದು ಹಿಡಿ ಮೆಂತ್ಯ. ಬೆಣ್ಣೆಯಂತೆ ನುಣ್ಣಗಾಗುವವರೆಗೆ ಒನಕೆ ನಿಲ್ಲುವುದಿಲ್ಲ. ಎಂದಿನಂತೆ ಬುಟ್ಟಿ ಮಾಡುತ್ತಿದ್ದಾರೆ ಎಂದೇ ಊರಿನವರ ಎಣಿಕೆ. ಆದರೆ ಕೆಲವು ವಾರಗಳಿಂದ ಮುದ್ದೆ ಏರುತ್ತಿರುವುದು ಬೋರಲು ಹಾಕಿದ ಗಡಿಗೆಯ ಮೇಲಲ್ಲ, ಮರದ ಅಚ್ಚಿನ ಮೇಲೆ. ಅವರು ಮಾಡುತ್ತಿರುವುದು ವಿಮಾನದ ಮೂತಿ.

ನಗಬೇಡಿ. ಹೊಸಪೇಟೆಯ ವೆಂಕೋಬರಾಯರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿದ್ದು ಕಳೆದ ವರ್ಷ ಊರಿಗೆ ಮರಳಿದವರು. ನೆಲದ ಮೇಲೆ ನಿಂತು ಪೆಟ್ಟಿಗೆಯ ಗುಂಡಿ ಒತ್ತಿದರೆ ಆಕಾಶದಲ್ಲಿ ತಿರುಗುವ, ಎತ್ತಿನ ನೊಗದಷ್ಟು ಅಗಲದ ವಿಮಾನ ಕಟ್ಟುವ ಹುಚ್ಚು ಅವರಿಗೆ. ಮೂತಿಗೆ ತಗಡು ಹಾಕಿದರೆ ಭಾರ, ಬಿದಿರಾದರೆ ಸೀಳಿಹೋಗುತ್ತದೆ. ಸಂತೆಯಲ್ಲಿ ಜಂಬವ್ವನ ಗಟ್ಟಿ ಕಾಗದದ ಬುಟ್ಟಿ ಕಂಡದ್ದೇ ತಡ, ಸೈಕಲ್ ಹತ್ತಿ ಬಂದರು.

ಮೊದಲ ಮೂತಿ ಕೆಟ್ಟಿತು. ಬುಟ್ಟಿ ಮಾಡಿದ ಕೈ. ಎತ್ತಲು ಹಿಡಿತ ಬೇಕಲ್ಲ ಎಂದು ಬುಟ್ಟಿಗೆ ಕಟ್ಟುವಂತೆ ಮೂತಿಯ ಬಾಯಂಚಿಗೂ ದಪ್ಪನೆಯ ಕಂಠ ಕಟ್ಟಿಬಿಟ್ಟಿದ್ದರು. ವಿಮಾನ ತಲೆಭಾರವಾಗಿ ಬಾಳೆತೋಟಕ್ಕೆ ಬಿತ್ತು. ರಾಯರು ಬೈಯಲಿಲ್ಲ. ಜಂಬವ್ವನ ಮನೆಯ ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ನಗುತ್ತಲೇ ತಪ್ಪು ತಿಳಿಸಿದರು. ಅಂದಿನಿಂದ ಬಾಲದ ತುದಿ, ಗಾಲಿಯ ಮುಚ್ಚಳ ಎಂದು ವಾರವಾರವೂ ಬರುತ್ತಿದ್ದಾರೆ.

ಗಂಡ ತಾಯಪ್ಪ ಕಾಲರಾಕ್ಕೆ ತುತ್ತಾದ ಮೇಲೆ ಈ ಕಟ್ಟೆಯ ಮೇಲೆ ಕೂತವರೇ ಇರಲಿಲ್ಲ. ಸಂತೆಯಲ್ಲಿ ಕೊಳ್ಳುವವರಿಗೆ ಬುಟ್ಟಿ ಬೇಕು, ಜಂಬವ್ವನ ಮಾತು ಬೇಡ.

"ದಿನಾ ಒರಳಿನ ಜೋಡಿ ಮಾತಾಡಾಕಿ ನಾನು. ರಾಯ್ರು ಬಂದು 'ಜಂಬವ್ವ, ಇದ್ದೀಯೇನವ್ವಾ' ಅಂದ್ರ, ನನ್ನ ಹೆಸರು ನನಗ ಹೊಸದಾಗಿ ಕೇಳಿದಂಗ ಆಗ್ತೈತ್ರಿ."

ಅಚ್ಚಿನ ಮೇಲೆ ಒಣಗಿರುವ ಹೊಸ ಮೂತಿಯೇ ಕೊನೆಯ ಭಾಗ. ಭಾನುವಾರ ವಿಮಾನ ಸರಿಯಾಗಿ ಹಾರಿತೆಂದರೆ ಕೆಲಸ ಮುಗಿಯಿತು. ರಾಯರ ಸೈಕಲ್ಲಿಗೆ ಮತ್ತೆ ಈ ದಾರಿಯ ಹಂಗಿಲ್ಲ. ಜಂಬವ್ವನಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಸಂಕಟ.

"ಸುಳ್ಳು ಯಾಕ ಹೇಳ್ಲಿ? ಕಂಠ ಒಂದೀಟು ದಪ್ಪ ಬಿಟ್ರ ಮತ್ತ ಬರ್ತಾರ ಅಂತ ಮನಸ್ಸು ಅಂತು. ಕೈ ಕೇಳ್ಲಿಲ್ರಿ."

ಹುಣಸೆಬೀಜದ ಅಂಟು ಬಳಿದು, ನುಣುಪುಗಲ್ಲಿನಿಂದ ಅಂಚನ್ನು ತೆಳ್ಳಗೆ ಉಜ್ಜುತ್ತಾರೆ. ಬೆರಳಿನಿಂದ ತಟ್ಟಿದರೆ ಒಣಗಿದ ಸೋರೆಬುರುಡೆಯಂತೆ ದನಿ ಕೊಡುತ್ತದೆ. ವಿಮಾನ ಹಾರಿಸುವ ಬಯಲು ಊರಂಚಿನಲ್ಲೇ, ಹಂಪಿಯ ಹಾದಿಯಲ್ಲಿದೆ. ಅಷ್ಟು ನಡೆಯಲೂ ಮಂಡಿನೋವು ಬಿಡುವುದಿಲ್ಲ. ನೋಡುವ ಆಸೆಯಿಲ್ಲವೇ ಎಂದರೆ ಉಜ್ಜುವುದನ್ನು ನಿಲ್ಲಿಸುತ್ತಾರೆ.

"ರಾಯ್ರಿಗೆ ಒಂದ ಮಾತು ಹೇಳೀನ್ರಿ. ಹಾರಿದ್ರ ನಮ್ಮ ಮನಿ ಮ್ಯಾಲ ಒಂದು ಸುತ್ತು ತಿರುಗಿಸ್ರಿ ಅಂತ. ಅಂಗಳದಾಗ ನಿಂತಿರ್ತೀನಿ. ಇನ್ನ ಅವ್ರು ಬರ್ಲಿಲ್ಲಂದ್ರೂ, ಅವತ್ತೊಂದಿನ ಬಂದಂಗ ಆಗ್ತೈತಿ."