ಬಡಿಸಲು ಬಂದ ಸೋದರಮಾವ

ನಾನು ಓದಿದ್ದು ನಾಲ್ಕನೇ ಇಯತ್ತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬದುಕಿದವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಈ ಮಾತು ಬಾಯಿಂದ ಬರುತ್ತಿಲ್ಲ.

ನನ್ನ ಅಣ್ಣ ಹಾಕದ ವೇಷವಿಲ್ಲ. ರಾಣೆಬೆನ್ನೂರಿನ ನಾಟಕ ಕಂಪನಿಯ ಆಟೋದಲ್ಲಿ ಕುಳಿತು ಮೈಕಿನಲ್ಲಿ ಕೂಗಿದ. ಅದೇ ಕಂಪನಿಯಲ್ಲಿ ಅತ್ತೆಯ ಪಾತ್ರ ಮಾಡಿದ. ಒಂದು ಸಿನಿಮಾದಲ್ಲಿ ಹೆಣವಾಗಿ ಮಲಗಿ, ಮೂಗಿನ ಮೇಲೆ ನೊಣ ಕೂತಾಗ ಸೀನಿ ಬೈಸಿಕೊಂಡ. ಕೊನೆಗೆ ಒಬ್ಬನೇ ನಿಂತು ನಗಿಸುವುದೇ ಕಸುಬಾಯಿತು. ಒಮ್ಮೆ ಅರ್ಧ ಮೀಸೆ ಅಂಟಿಸಿಕೊಂಡೇ ಬಸ್ಸು ಹತ್ತಿದ. ಕಂಡಕ್ಟರ್ "ಅರ್ಧ ಟಿಕೆಟ್ ಕೊಡ್ಲೇನ್ರಿ?" ಎಂದದ್ದನ್ನು ಅಂದೇ ಸಂಜೆ ವೇದಿಕೆಗೆ ತಂದ.

ಅಲ್ಲಿ ನನಗೂ ಒಂದು ಕೆಲಸವಿತ್ತು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ನಗಬೇಕು. "ನಿನ್ನ ನಗಿ ಮೆಣಸಿನಕಾಯಿ ಘಾಟ ಇದ್ಹಂಗ ತಂಗಿ, ಒಬ್ಬರ ಮೂಗಿಗೆ ಹೊಕ್ರ ಇಡೀ ಓಣಿ ಸೀನತೈತಿ" ಎನ್ನುತ್ತಿದ್ದ.

ನನ್ನ ಮಗಳಿಗೆ ಹಾವೇರಿಯ ಸಂಬಂಧ ಬಂದಿತ್ತು, ಮಾತು ಪಕ್ಕಾ ಆಗಿರಲಿಲ್ಲ. ಆಗಲೇ ಅಲ್ಲಿ ಅಣ್ಣನ ಕಾರ್ಯಕ್ರಮ. ಹೋಗಿ ಕುಳಿತರೆ, ಪಕ್ಕದ ಕುರ್ಚಿಗೆ ಹುಡುಗನ ತಾಯಿಯೇ ಬಂದರು. ಅಣ್ಣ ಅಂದು ಸೀರೆ ಉಟ್ಟು, ಸೀನುತ್ತ ತೊಟ್ಟು ಬಿಡಿಸುವ ಹೆಂಗಸಾಗಿದ್ದ. ಆ ಹೆಂಗಸು ನಾನೇ.

"ಅಯ್ಯ ಶಿವನ, ಇವನ ಮನಿಯವರು ಹೆಂಗ ತಲಿ ಎತ್ತಿ ಅಡ್ಡ್ಯಾಡತಾರೋ! ನಿಮ್ಮ ಊರ ಕಡೆಯಾಂವ ಇದ್ದಂಗ ಅದಾನ, ಗುರ್ತೈತೇನ್ರಿ?" ಎಂದರು ಹುಡುಗನ ತಾಯಿ.

"ಇಲ್ರಿ" ಎಂದೆ. ಅವರು ಕೇಳದಿದ್ದರೂ, "ನನಗ ಅಣ್ಣತಮ್ಮಂದಿರು ಯಾರೂ ಇಲ್ಲ" ಎಂದೂ ಸೇರಿಸಿದೆ.

ಅಣ್ಣ ಸೀನಿ, ನನ್ನತ್ತ ನೋಡಿ ನಿಂತ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮತ್ತೆ ಸೀನಿದ. ಸಭೆ ಸುಮ್ಮನಿತ್ತು.

ಆಮೇಲೆ ಅವನಿಗೆ ಎಲ್ಲ ಹೇಳಿದೆ. "ಆತು ಬಿಡು, ಹುಡುಗಿ ಲಗ್ನ ಆಗ್ಲಿ" ಎಂದ. ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಆ ಕೆಲಸವನ್ನು ದೂರದ ಸಂಬಂಧಿಯೊಬ್ಬನಿಗೆ ಒಪ್ಪಿಸಿದೆ. ಮಗಳ ಬಾಯಿಯನ್ನೂ ಕಟ್ಟಿದೆ. ಲಗ್ನದ ದಿನ ಅಣ್ಣ ಸೊಂಟಕ್ಕೆ ಟವೆಲ್ ಸುತ್ತಿ, ಅಡುಗೆಯವರ ಜೊತೆ ಸೇರಿ ಪಂಕ್ತಿಗೆ ಸಾರು ಬಡಿಸಿದ.

"ಏ ಸಾರಿನಾಂವ, ಈ ಕಡೆ ಬಾ" ಎಂದು ಬೀಗಿತ್ತಿ ಕರೆದರು.

"ಬಂದೆರಿ ಅಕ್ಕಾರ, ನಿಮ್ಮ ಹೆಸರು ಕೇಳೇ ಸಾರು ಕುದ್ದೈತಿ."

ಅವರು ನಕ್ಕರು. ಮಗಳು ಅತ್ತಳು. ತವರು ಬಿಡುವ ದುಃಖವೆಂದು ಎಲ್ಲರೂ ಸಮಾಧಾನ ಮಾಡಿದರು.

ಅಣ್ಣ ಮತ್ತೆ ವೇದಿಕೆ ಹತ್ತಲಿಲ್ಲ. ಈಗ ರಾಣೆಬೆನ್ನೂರಿನ ಗಿರಣಿಯೊಂದರಲ್ಲಿ ಹಿಟ್ಟು ಬೀಸುತ್ತಾನೆ.

ಮೊನ್ನೆ ಬೀಗಿತ್ತಿ ಫೋನ್ ಮಾಡಿದರು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. "ಆ ಸಾರಿನಾಂವನ್ನ ಕರಸ್ರಿ, ಭಾಳ ನಗಸ್ತಾನ" ಎಂದರು. ಆಗಲೇ ಹೇಳಬೇಕಿತ್ತು. "ಆತ್ರಿ" ಎಂದುಬಿಟ್ಟೆ.

ಗಿರಣಿಗೆ ಹೋದೆ. ಅಣ್ಣ ಯಂತ್ರ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಕೇಳಿಸಿಕೊಂಡ.

"ಏನಾಗಿ ಬರ್ಲಿ?" ಎಂದ.

ಮುಂದೆ ನಗೆಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಖರೇನೇ ಕೇಳಿದ್ದ. ಜೋಳದ ಡಬ್ಬಿ ಹಿಡಿದು ನಿಂತವರು "ಲಗೂ ಮಾಡ್ರಿ" ಎಂದರು. ಅವನು ಗಿರಣಿ ಚಾಲೂ ಮಾಡಿದ. ಆ ಸದ್ದಿನೊಳಗೆ "ಅಣ್ಣ ಆಗೇ ಬಾ" ಎಂದೆ. ಕೇಳಿಸಲಿಲ್ಲವೆಂದು ಕಿವಿ ಮುಂದೆ ಮಾಡಿದ. ಗಟ್ಟಿಯಾಗಿ ಹೇಳಲು ನನ್ನಿಂದ ಆಗಲಿಲ್ಲ.