ವಂದನಾರ್ಪಣೆ ನನ್ನ ಪಾಲಿಗೆ ಬಂದಾಗ

ಆಗೆಲ್ಲ ಶನಿವಾರ ಬಂತೆಂದರೆ ನಮಗೆ ಖುಷಿಗಿಂತ ಹೆದರಿಕೆಯೇ ಜಾಸ್ತಿ. ಅರ್ಧ ದಿನದ ಶಾಲೆ ನಿಜ, ಆದರೆ ಕೊನೆಯ ಪಿರಿಯಡ್ ಸುಶೀಲ ಟೀಚರದ್ದು. ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ಸರ್ಕಾರಿ ಶಾಲೆಯ ಏಳನೇ ತರಗತಿಗೆ ಅವರೊಂದು ಪದ್ಧತಿ ಮಾಡಿದ್ದರು. ಒಬ್ಬರು ಎದುರಿಗೆ ಬಂದು ಎರಡು ನಿಮಿಷ ಮಾತಾಡಬೇಕು, ಮನೆಯ ನಾಯಿಯ ಬಗ್ಗೆಯಾದರೂ ಸರಿ. ಅದು ಮುಗಿದ ಮೇಲೆ ಟೀಚರ್ ಕಣ್ಣು ಮುಚ್ಚಿ ಹಾಜರಿ ಪುಸ್ತಕದ ಮೇಲೆ ಬೆರಳಿಡುತ್ತಿದ್ದರು. ಬೆರಳು ಯಾರ ಹೆಸರಿನ ಮೇಲೆ ಬಿತ್ತೋ ಅವರು ಎದ್ದು, ಆಗಷ್ಟೇ ಕೇಳಿದ್ದನ್ನು ತಿರುಗಿ ಹೇಳಬೇಕು.

"ಚೆನ್ನಾಗಿತ್ತು ಟೀಚರ್" ಅಂದರೆ ನಡೆಯುತ್ತಿರಲಿಲ್ಲ.

"ಚೆನ್ನಾಗಿತ್ತೋ ಇಲ್ವೋ ಅದು ಬೇಡ. ಏನ್ ಕೇಳಿಸ್ತು, ಅದನ್ನ ಹೇಳು."

ನಮ್ಮಲ್ಲಿ ಒಬ್ಬರ ಮನೆಯಲ್ಲಿ ಅರೆಭಾಷೆ, ಇನ್ನೊಬ್ಬರಲ್ಲಿ ತುಳು, ಎಸ್ಟೇಟ್ ಕೂಲಿಯವರ ಲೈನುಮನೆಗಳಿಂದ ಬರುವವರಲ್ಲಿ ತಮಿಳು. ನನ್ನ ಬೆಂಚಿನ ಸಫಿಯಾಳ ಮನೆಮಾತು ಮಲಯಾಳ. ಎದುರು ನಿಂತರೆ ಅವಳಿಗೆ ನಾಲ್ಕು ವಾಕ್ಯ ಹೊರಡುತ್ತಿರಲಿಲ್ಲ. ಆದರೆ ಬೆರಳು ಅವಳ ಹೆಸರಿನ ಮೇಲೆ ಬಿದ್ದರೆ, ಮಾತಾಡಿದವನು ನಡುವೆ ಎಲ್ಲಿ ಕೆಮ್ಮಿದ ಅನ್ನುವುದನ್ನೂ ಬಿಡದೆ ಒಪ್ಪಿಸುತ್ತಿದ್ದಳು. ನಾನು ಅದಕ್ಕೆ ತದ್ವಿರುದ್ಧ. ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ಬೇರೆಯವರು ಮಾತಾಡುವಾಗ ಮಾತ್ರ ನನ್ನ ಸರದಿ ಬಂದರೆ ಏನು ಹೇಳಲಿ ಎಂದು ಯೋಚಿಸುತ್ತಾ ಕೂರುತ್ತಿದ್ದೆ.

ಆ ಬಾಯಿಯೂ ಆಗಸ್ಟ್ ಹದಿನೈದರಂದು ಕೈಕೊಟ್ಟಿತು. ಧ್ವಜದ ಕೆಳಗೆ ನಿಂತು ಬಾಯಿಪಾಠ ಮಾಡಿದ ಭಾಷಣ ಶುರು ಮಾಡಿದವಳಿಗೆ ಮೂರನೇ ವಾಕ್ಯ ಬರಲೇ ಇಲ್ಲ. ಊರಿನವರೆಲ್ಲ ನೋಡುತ್ತಿದ್ದರು. ಟೀಚರ್ ಬಂದು ಕೈ ಹಿಡಿದು ಕರೆದುಕೊಂಡು ಹೋಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಎಷ್ಟೋ ದಿನ, ಕುಂಟಾಬಿಲ್ಲೆ ಆಡುವಾಗ ನಾನು ಒಂಟಿಕಾಲಿನಲ್ಲಿ ತಡವರಿಸಿದರೂ ಹುಡುಗಿಯರು "ಮುಂದಿಂದು ಮರ್ತೋಯ್ತಾ?" ಎಂದು ನಗುತ್ತಿದ್ದರು.

ಮುಂದಿನ ಫೆಬ್ರವರಿಯಲ್ಲಿ ಸುಶೀಲ ಟೀಚರಿಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ವಂದನಾರ್ಪಣೆ ಮಾಡಲು ಅವರು ನನ್ನ ಹೆಸರು ಹೇಳಿದಾಗ ಹೆಡ್‌ಮಾಸ್ಟರು ಗಾಬರಿಯಾದರು.

"ಅವಳೇ ಯಾಕೆ ಟೀಚರೇ? ಮತ್ತೆ ನಿಂತ್ಕೊಂಡ್ರೆ?"

"ನಿಂತ್ಕೊಂಡ್ರೆ ನಾನಿದೀನಲ್ಲ ಸಾರ್, ಅವತ್ತೊಂದು ದಿನ" ಅಂದರು ಟೀಚರ್.

ಇದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ನನ್ನ ಮಾನ ಹೋದರೆ ಹೋಗಲಿ, ಅವರ ಕೊನೆಯ ದಿನ ಅವರ ಮಾನ ಹೋಗಬಾರದಲ್ಲ!

ಟೀಚರ್ ನನ್ನನ್ನು ಕರೆದು ಹೇಳಿದ್ದು ಇಷ್ಟೇ. "ಬರ್ಕೊಂಡು ಬರ್ಬೇಡ ಕುಸುಮ. ವಂದನಾರ್ಪಣೆ ಕೊನೇಲಿ ಯಾಕಿರುತ್ತೆ ಗೊತ್ತಾ? ಮೊದ್ಲಿಂದ ಎಲ್ರ ಮಾತೂ ಕೇಳಿದವರು ಮಾಡ್ಲಿ ಅಂತ. ಒಬ್ಬೊಬ್ರು ಹೇಳಿದ್ರಲ್ಲಿ ಒಂದೊಂದು ಹಿಡ್ಕೊ. ಎದ್ದು ಅದನ್ನೇ ಹೇಳು. ಬೇರೇನೂ ಬೇಡ."

ಬರೆದುಕೊಳ್ಳದೆ ಎದ್ದು ನಿಲ್ಲುವುದೇ? ನೆನೆಸಿಕೊಂಡರೇ ಅಂಗೈ ಬೆವರುತ್ತಿತ್ತು. ಅಪ್ಪ ಎಸ್ಟೇಟಿನಲ್ಲಿ ರೈಟರ್, ಬೆಳಿಗ್ಗೆ ಕೆಲಸದವರ ಹೆಸರು ಕೂಗಿ ಹಾಜರಿ ಹಾಕುವವರು. ಅವರಿಗೆ ಹೇಳಿದೆ. ಒಂದೇ ಸಂಜೆಯಲ್ಲಿ ಎರಡು ಪುಟ ತುಂಬ ಬರೆದುಕೊಟ್ಟರು. ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಣದ ತುಂಬ ಹರವಿದ ಹಣ್ಣು ಒಣಗುವ ಹುಳಿ ವಾಸನೆಯ ನಡುವೆ, ಕಿತ್ತಳೆ ಸಿಪ್ಪೆ ಸುಲಿಯುತ್ತಾ, ನಾನು ಅದನ್ನು ಗಟ್ಟಿಯಾಗಿ ಒಪ್ಪಿಸುತ್ತಾ ಸುತ್ತು ಹಾಕಿದೆ. ಕಾಫಿ ಕೆದಕುತ್ತಿದ್ದ ಅವ್ವನಿಗೂ ಅರ್ಧ ಬಾಯಿಪಾಠವಾಯಿತು.

"ಟೀಚರ್ ಬರೀಬೇಡ ಅಂದಿದ್ರಂತಲ್ಲ ಕೂಸೇ?"

"ಬರ್ದಿದ್ದು ಅಪ್ಪ, ನಾನಲ್ಲ" ಅಂದೆ.

ಆ ದಿನ ಶಾಲೆಯ ವರಾಂಡವೇ ವೇದಿಕೆ. ಒಳಗಿನಿಂದ ಕೇಸರಿಬಾತಿನ ತುಪ್ಪದ ಘಮ ಬರುತ್ತಿತ್ತು. ನನ್ನನ್ನು ವೇದಿಕೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಯಾರು ಯಾರೋ ಎದ್ದರು, ಕೂತರು. ಚಪ್ಪಾಳೆ ಬಿದ್ದಾಗ ನಾನೂ ತಟ್ಟಿದೆ. ತುಟಿ ಮಾತ್ರ ನಿಲ್ಲಲಿಲ್ಲ. ಮೊದಲ ಪುಟ ಮುಗಿಸಿ ಎರಡನೆಯದು, ಎರಡನೆಯದು ಮುಗಿಸಿ ಮತ್ತೆ ಮೊದಲನೆಯದು. ಮೂರನೇ ವಾಕ್ಯ ಬಂದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಸುಶೀಲ ಟೀಚರ್ ಎದ್ದು ಮಾತಾಡಿದ್ದು ನನಗೆ ಗೊತ್ತು, ಏಕೆಂದರೆ ಅವರ ಹಸಿರು ಸೀರೆಯ ಸೆರಗು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅವರು ಒಮ್ಮೆ ತಿರುಗಿ ನನ್ನ ಕಡೆ ನೋಡಿದರು. ನಾನು ಆಗ ಎರಡನೇ ಪುಟದಲ್ಲಿದ್ದೆ.

ಕೊನೆಗೆ ನನ್ನ ಹೆಸರು ಕರೆದರು. ಎದ್ದೆ. ಮೂರನೇ ವಾಕ್ಯ ದಾಟಿತು! ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

"ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟು, ಇಲ್ಲಿಗೆ ಆಗಮಿಸಿ, ಹಿತನುಡಿಗಳನ್ನಾಡಿದ ಮುಖ್ಯ ಅತಿಥಿಗಳಾದ ಎಸ್ಟೇಟಿನ ಮಾಲೀಕರಿಗೆ..." ಎಂದು ಅಪ್ಪ ಹೇಳಿಕೊಟ್ಟಂತೆ ಕೈ ಚಾಚಿದೆ.

ಕೈ ಚಾಚಿದ ಕಡೆ ಖಾಲಿ ಕುರ್ಚಿ ಇತ್ತು. ಮಾಲೀಕರಿಗೆ ಹುಷಾರಿಲ್ಲ, ಬರುವುದಿಲ್ಲ ಎಂದು ಹೆಡ್‌ಮಾಸ್ಟರು ಶುರುವಿನಲ್ಲೇ ಹೇಳಿದ್ದರಂತೆ. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಂದಿನದು ಮರೆತುಹೋಗುತ್ತಿತ್ತು. ಕೊನೆಯ ಸಾಲಿನವರೆಗೂ ಒದರಿ, ಕೈ ಮುಗಿದು, ನೀರಿನ ಟ್ಯಾಂಕಿನ ಹಿಂದೆ ಓಡಿದೆ.

ಟೀಚರ್ ಅಲ್ಲಿಗೇ ಬಂದರು, ಕೈಯಲ್ಲಿ ಎಲೆಯ ಮೇಲೆ ಕೇಸರಿಬಾತು.

"ನಿಲ್ಲಿಸ್ಲಿಲ್ವಲ್ಲ, ಅಷ್ಟು ಸಾಕು. ತಗೋ, ತಿನ್ನು." ನಾನು ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿ, "ನಾನು ಅಲ್ಲಿ ಹೇಳಿದ್ದು ಕೇಳಿಸ್ತಾ?" ಅಂದರು.

"ಕೇಳಿಸ್ತು ಟೀಚರ್."

ಎಲ್ಲ ಶನಿವಾರಗಳಂತೆ, ಏನು ಕೇಳಿಸಿತು ಹೇಳು ಅನ್ನುತ್ತಾರೆಂದು ಉಸಿರು ಬಿಗಿಹಿಡಿದೆ. ಅವರು ಕೇಳಲಿಲ್ಲ. ತಲೆ ಸವರಿ, "ಹಾಗಾದ್ರೆ ಸರಿ" ಎಂದು ಹೊರಟರು.

ಮನೆಗೆ ಹೋಗುವ ದಾರಿಯಲ್ಲಿ ಸಫಿಯಾ ಹೇಳಿದಳು. "ಟೀಚರ್ ನಿನ್ ಬಗ್ಗೆ ಎಷ್ಟು ಚೆಂದ ಮಾತಾಡಿದ್ರಲ್ಲ! ನನಗೆ ಅಳುವೇ ಬಂತು."

ಆಗಲೇ ಕೇಳಬಹುದಿತ್ತು. ಅವಳು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಆದರೆ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? "ಹೂಂ, ಹೌದು" ಅಂದೆ. ಟೀಚರ್ ಕುಶಾಲನಗರದ ಮಗಳ ಮನೆಗೆ ಹೋದರು, ನಾನು ಹೈಸ್ಕೂಲಿಗೆ ಹೋದೆ. ಕಾಗದ ಬರೆಯಬೇಕೆಂದು ಅಂದುಕೊಂಡಾಗೆಲ್ಲ ಕೇಳಿಸ್ತು ಎಂದ ಆ ಸುಳ್ಳು ಅಡ್ಡ ಬಂತು. ಈಗ ಅವರಿಲ್ಲ.

ನಾನೀಗ ಮಡಿಕೇರಿಯಲ್ಲಿ ಸಭೆ ಸಮಾರಂಭಗಳ ನಿರೂಪಣೆ ಮಾಡುತ್ತೇನೆ. ಮೈಕು ಹಿಡಿದರೆ ಅಂಗೈ ಬೆವರುವುದಿಲ್ಲ. ಯಾವ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಎರಡೆರಡು ಸಲ ನೋಡುತ್ತೇನೆ. ಎದುರಿಗೆ ಕೂತವರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ, ಮನೆಗೆ ಹೋಗಿ ಕೇಳಿದರಾಯಿತು ಅಂತ. ಅವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಆ ಬೀಳ್ಕೊಡುಗೆಯಿಂದ ಉಳಿದಿರುವುದು ಒಂದೇ ಗುಂಪು ಫೋಟೋ.

ಹೋದ ವರ್ಷ ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಸಫಿಯಾ ಸಿಕ್ಕಳು, ಮಗಳ ಜೊತೆ. ಆ ಮಾತು ಈ ಮಾತು ಆದ ಮೇಲೆ ಧೈರ್ಯ ಮಾಡಿದೆ.

"ಸಫಿಯಾ, ಅವತ್ತು ಟೀಚರ್ ನನ್ ಬಗ್ಗೆ ಏನ್ ಹೇಳಿದ್ರೇ?"

ಅವಳು ತುಂಬ ಹೊತ್ತು ಯೋಚಿಸಿದಳು.

"ನಿನ್ ಹೆಸರು ಹೇಳಿದ್ರು. ನಿನ್ ಕಡೆ ತಿರುಗಿದ್ರು. ಆಮೇಲೆ..." ತಲೆ ಅಲ್ಲಾಡಿಸಿದಳು. "ಇಲ್ಲ ಕಣೇ, ಎಷ್ಟು ವರ್ಷ ಆಯ್ತು. ನಿನಗೆ ನೆನಪಿರುತ್ತಲ್ಲ, ನೀನೇ ಹೇಳು, ನನ್ ಮಗಳೂ ಕೇಳ್ಲಿ."

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಕಾದಳು. ಬಸ್ಸು ಬಂತು ಎಂದು ಹೇಳಿ ನಾನು ಚೀಲ ಎತ್ತಿಕೊಂಡೆ.