ಬಿದ್ದವನ ಬಾಜು ನಿಂತವ

ನಿನ್ನೆ ಸಂಜೆ ಚಹಾ ಕುಡಿಯುತ್ತ ಕುಳಿತಿದ್ದಾಗ ಬಾಜು ಮನೆಯ ಅಂಗಳದಿಂದ ಪಂಕ್ಚರ್ ಸಲ್ಯೂಷನ್ನಿನ ವಾಸನೆ ಬಂತು. ನಿಮಗೆ ಆ ವಾಸನೆ ಹೇಗನ್ನಿಸುತ್ತದೋ ತಿಳಿಯದು. ನನಗಂತೂ ಅದು ಮೂಗಿಗೆ ಬಡಿದ ಕೂಡಲೇ ಹರೆಯ ಮರಳುತ್ತದೆ, ಹಿಂದೆಯೇ ಬಾಯಿ ಕಹಿಯಾಗುತ್ತದೆ. ಎದ್ದು ಗೋಡೆಯಾಚೆ ಇಣುಕಿದೆ. ಪರಸಣ್ಣನ ಮೊಮ್ಮಗಳು ಸುಧಾ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದಳು. ಧಾರವಾಡದಲ್ಲಿ ಕಾಲೇಜು ಓದುವ ಹುಡುಗಿ. ಬರುವ ರವಿವಾರ ದೇವಿಕೊಪ್ಪದ ಕಡೆ ಕಾಡು, ಹೊಲ, ಹಳ್ಳ ದಾಟಿ ದಿನವಿಡೀ ನಡೆಯುವ ಸೈಕಲ್ ರೇಸಿಗೆ ಹೆಸರು ಕೊಟ್ಟಿದ್ದಾಳೆ. ಪರಸಣ್ಣ ಕಟ್ಟೆಯ ಮೇಲೆ ಕುಳಿತು ಆ ಕಡೆ ಕಣ್ಣು ಹಾಯಿಸದೆ ಪೇಪರು ಓದುತ್ತಿದ್ದ. ಸೈಕಲ್ಲಿನ ಕಡೆ ನೋಡದಿರುವುದು ಅವನಿಗೆ ಬಹಳ ವರ್ಷಗಳ ರೂಢಿ.

ಪರಸಣ್ಣ ನನ್ನ ದೊಡ್ಡಪ್ಪನ ಮಗ. ನಮ್ಮದು ಕುಬಿಹಾಳದ ಹತ್ತಿರದ ಒಂದು ಸಣ್ಣ ಊರು. ನಮ್ಮ ಮನೆಗಳು ಊರ ಹೊರಗಿನ ಕೇರಿಯವು. ಗೋಡೆಯ ಮೇಲೆ ಬುದ್ಧನ ಪಟ, ಮೂಲೆಯಲ್ಲಿ ಕೂಲಿಗೆ ಒಯ್ಯುವ ಕುಡುಗೋಲು, ಎರಡೂ ಇದ್ದ ಮನೆಗಳು. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಸೈಕಲ್ ಶರ್ಯತ್ತಿನ, ಅಂದರೆ ರೇಸಿನ, ಹುಚ್ಚು ಹತ್ತಿತ್ತು. ಡಾಂಬರು ರಸ್ತೆಗಳೇ ಕಡಿಮೆ, ಹಾಗಾಗಿ ಶರ್ಯತ್ತೆಲ್ಲ ಎತ್ತಿನ ಚಕ್ಕಡಿಯ ದಾರಿಯಲ್ಲಿ. ನೀವು ಕಪ್ಪು ಮಣ್ಣಿನ ಎರೆಭೂಮಿಯಲ್ಲಿ ಸೈಕಲ್ ಹೊಡೆದಿರದಿದ್ದರೆ ಹೇಳುತ್ತೇನೆ ಕೇಳಿ. ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಿಸುತ್ತದೆ. ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಬಿರುಕು ಎಷ್ಟು ಅಗಲ ಎಂದರೆ ಮುಂದಿನ ಗಾಲಿ ಅದರಲ್ಲಿ ಕುಳಿತರೆ ಸೈಕಲ್ ಅಲ್ಲೇ ಉಳಿಯುತ್ತದೆ, ನೀವೊಬ್ಬರೇ ಮುಂದೆ ಹೋಗುತ್ತೀರಿ.

ಪರಸಣ್ಣ ಆಗ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದ. ಹಳೆಯ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಎಲ್ಲ ಬಿಚ್ಚಿ ಅದನ್ನು ಹಗುರ ಮಾಡಿಕೊಂಡಿದ್ದ. ಅವನಷ್ಟು ಹೊತ್ತು ದಣಿಯದೆ ತುಳಿಯುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಆದರೆ ನನಗೆ ಅವನ ವೇಗಕ್ಕಿಂತ ಅವನ ಶಿಸ್ತು ತಲೆನೋವಾಗಿತ್ತು. ಮುಂದಿನವನನ್ನು ದಾಟುವ ಮುಂಚೆ ಯಾವ ಬಾಜುವಿನಿಂದ ಬರುತ್ತಿದ್ದೇನೆಂದು ಕೂಗಿ ಹೇಳಬೇಕು. ಅವನು ಸರಿದು ಜಾಗ ಬಿಟ್ಟ ಮೇಲೇ ದಾಟಬೇಕು. ತಲೆಯ ಮೇಲೆ ಹೊರೆ ಹೊತ್ತ ಹೆಂಗಸರು ಬದುವಿನ ಮೇಲೆ ಎದುರಾದರೆ ಇಳಿದು ನಿಲ್ಲಬೇಕು. ಬಿದ್ದವನನ್ನು ಬಿಟ್ಟು ಹೋಗಬಾರದು. ಒಮ್ಮೆ ಕುರಿಹಿಂಡು ಎದುರಾದಾಗ ಇಳಿದು ಎಷ್ಟು ಹೊತ್ತು ನಿಂತನೆಂದರೆ, ಕುರುಬನೇ ಬೇಸತ್ತು ಹೋಗ್ರಿ ಹೋಗ್ರಿ ಎಂದು ಕೈ ಬೀಸಿದ. ಕುರಿಗೂ ನಮಸ್ಕಾರ ಹೇಳಿ ದಾಟುತ್ತಾನೆ ಎಂದು ನಾನು ಕೇರಿಯಲ್ಲೆಲ್ಲ ಹೇಳಿ ನಗಿಸಿದ್ದೆ. ನನ್ನ ಯೋಗ್ಯತೆ ಏನೆಂದು ಕೇಳಬೇಡಿ. ಏರು ಬಂದರೆ ನಾನು ಇಳಿಯುತ್ತಿದ್ದದ್ದು ಸೌಜನ್ಯಕ್ಕಲ್ಲ, ಉಸಿರಿಗೆ.

ನಮ್ಮ ಜೊತೆ ತಾಲೀಮಿಗೆ ಬರುತ್ತಿದ್ದವನು ಚನ್ನವೀರ. ಊರೊಳಗಿನ ಅನುಕೂಲಸ್ಥ ಮನೆಯ ಹುಡುಗ, ದಿನವೂ ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದ. ಹೊಸ ಸೈಕಲ್ ಇತ್ತು, ಆದರೆ ದಮ್ಮು ಉಳಿಸಿಕೊಳ್ಳುವುದನ್ನು ಕಲಿತದ್ದು ಪರಸಣ್ಣನಿಂದ. ಹೊಲದ ದಾರಿಯಲ್ಲಿ ಮೂವರೂ ಹರಟುತ್ತ, ಬೈದಾಡುತ್ತ ಬರುತ್ತಿದ್ದೆವು. ಊರ ಅಗಸಿ ಬಾಗಿಲು ಕಾಣಿಸಿದೊಡನೆ ಚನ್ನವೀರ ಜೋರಾಗಿ ತುಳಿದು ಮುಂದೆ ಹೋಗಿಬಿಡುತ್ತಿದ್ದ. ಅದನ್ನೂ ನಾವು ಶರ್ಯತ್ತೆಂದೇ ತಿಳಿದಿದ್ದೆವು. ನಮ್ಮೊಂದಿಗೆ ಊರೊಳಗೆ ಬರುವುದು ಅವನಿಗೆ ಬೇಕಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಆ ಬೇಸಿಗೆಯಲ್ಲಿ ಊರಿನ ತರುಣ ಸಂಘದವರು ದೊಡ್ಡ ಶರ್ಯತ್ತು ಇಟ್ಟರು. ನಮ್ಮ ಊರಿಂದ ಹೊಲದ ದಾರಿ ಹಿಡಿದು ಶಲವಡಿ ಮುಟ್ಟಿ, ಮತ್ತೆ ನಮ್ಮ ಊರಿಗೇ ತಿರುಗಿ ಬರಬೇಕು. ತೀರ್ಪು ಹೇಳುವ ಪಂಚರಲ್ಲಿ ಚನ್ನವೀರನ ಕಾಕಾನೂ ಒಬ್ಬ. ನಾನೂ ಹೆಸರು ಕೊಟ್ಟಿದ್ದೆ. ಎರಡನೆಯ ಹಳ್ಳ ದಾಟುವಷ್ಟರಲ್ಲಿ ನನ್ನ ಚೈನು ಹರಿಯಿತು. ಕಡಲೆ ಹೊಟ್ಟು ಹೇರಿಕೊಂಡು ಬರುತ್ತಿದ್ದ ಚಕ್ಕಡಿಯವನು ಕರುಣೆಯಿಂದ ಹತ್ತಿಸಿಕೊಂಡ. ಹೊಟ್ಟಿನ ಮೇಲೆ ಸೈಕಲ್ ಅಪ್ಪಿಕೊಂಡು ಮಲಗಿ, ಮೈಯೆಲ್ಲ ತುರಿಸಿಕೊಳ್ಳುತ್ತ ಊರು ಸೇರಿದೆ.

ಉಳಿದದ್ದು ಪರಸಣ್ಣ ಹೇಳಿದ್ದು. ತಿರುಗಿ ಬರುವಾಗ ಅವನೇ ಎಲ್ಲರಿಗಿಂತ ಮುಂದಿದ್ದ, ಬೆನ್ನಿಗೇ ಚನ್ನವೀರ. ಎರಡು ಹೊಲಗಳ ಬದುವಿನ ನಡುವೆ ದಾರಿ ಇಕ್ಕಟ್ಟಾದ ಕಡೆ ಚನ್ನವೀರ ಕೂಗದೆ, ಹೇಳದೆ ಪಕ್ಕಕ್ಕೆ ನುಗ್ಗಿದ. ಅವನ ಮುಂದಿನ ಗಾಲಿ ಬಿರುಕಿನಲ್ಲಿ ಕುಳಿತಿತು. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದವನ ಹಣೆ ಒಡೆದಿತ್ತು, ಭುಜ ಕೀಲು ತಪ್ಪಿತ್ತು. ಪರಸಣ್ಣ ನಿಂತ. ತನ್ನ ಅಂಗಿ ಹರಿದು ಹಣೆಗೆ ಕಟ್ಟಿದ. ತನ್ನ ಬಾಟಲಿಯ ನೀರನ್ನು ಅವನ ಬಾಯಿಗೆ ಹನಿಹನಿಯಾಗಿ ಬಿಟ್ಟ. ನೋವಿಗೆ ಒದ್ದಾಡುತ್ತಿದ್ದವನು ಭುಜ ಅಲ್ಲಾಡಿಸದಂತೆ ಒತ್ತಿ ಹಿಡಿದುಕೊಂಡಿದ್ದಾಗ ಹಿಂದಿನಿಂದ ಇಬ್ಬರು ಬಂದರು. ನಿಲ್ಲಿರೆಂದು ಕೂಗಿದರೂ ನಿಲ್ಲದೆ ಧೂಳೆಬ್ಬಿಸಿ ಹೋದರು. ಕಡೆಗೆ ಅವನೊಬ್ಬನೇ ಚನ್ನವೀರನನ್ನು ಆನಿಸಿಕೊಂಡು ಡಾಂಬರು ರಸ್ತೆಗೆ ನಡೆಸಿಕೊಂಡು ಹೋಗಿ, ಒಂದು ಲಾರಿ ತಡೆದು, ಹುಬ್ಬಳ್ಳಿಯ ಆಸ್ಪತ್ರೆಗೆ ತಲುಪಿಸಿ, ಅವನ ಮನೆಯವರು ಬರುವವರೆಗೂ ಕಾದು, ಹೊಲದಲ್ಲಿ ಬಿಟ್ಟ ತನ್ನ ಸೈಕಲ್ ತೆಗೆದುಕೊಂಡು ಮರುದಿನ ಊರಿಗೆ ಬಂದ.

ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಮುಂದೆ ಹೋದ ಇಬ್ಬರಲ್ಲಿ ಒಬ್ಬನಿಗೆ ಮೊದಲ ಬಹುಮಾನ, ಇನ್ನೊಬ್ಬನಿಗೆ ಎರಡನೆಯದು. ಚನ್ನವೀರನನ್ನು ಪರಸ್ಯಾ ಕೆಡವಿ ಒತ್ತಿ ಹಿಡಿದಿದ್ದನ್ನು ಕಣ್ಣಾರೆ ಕಂಡೆವೆಂದು ಇಬ್ಬರೂ ಹೇಳಿಯಾಗಿತ್ತು. ಸಂಘದ ಖೋಲಿಯ ಮುಂದೆ ಜನ ನೆರೆದರು. ನಡೆದದ್ದನ್ನು ಪರಸಣ್ಣ ಮೊದಲಿನಿಂದ ಹೇಳಿದ. ಚನ್ನವೀರನ ಕಾಕಾ ಪೂರಾ ಕೇಳಿಸಿಕೊಂಡ. ಸಿಟ್ಟಿನ ಮನುಷ್ಯನಲ್ಲ, ದನಿಯನ್ನೂ ಏರಿಸಲಿಲ್ಲ.

"ನೀ ಕೆಡವಿಲ್ಲಂದ್ರ, ನಿಂತಿ ಯಾಕ?" ಎಂದ.

ಬಿದ್ದವನ ಹತ್ತಿರ ಏಕೆ ನಿಂತೆ ಎಂದು ಯಾರಾದರೂ ಕೇಳಬಹುದೆಂದು ಪರಸಣ್ಣನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಗೆಲ್ಲುವ ಶರ್ಯತ್ತು ಬಿಟ್ಟು ಯಾರು ನಿಲ್ಲತಾರ ಎಂದು ಜನರೂ ಗೊಣಗಿದರು. ನಾನು ಮುಂದೆ ನುಗ್ಗಿ ಪರಸಣ್ಣ ಅಂಥವನಲ್ಲವೆಂದು ಗಂಟಲು ಹರಿದುಕೊಂಡೆ. ನೀ ಅಲ್ಲಿದ್ದೇನು ಎಂದು ಕೇಳಿದರು. ನಾನು ಹೊಟ್ಟಿನ ಮೇಲೆ ಮಲಗಿದ್ದದ್ದು ಊರಿಗೆಲ್ಲ ಗೊತ್ತಿತ್ತು, ಕೆಲವರು ನಕ್ಕರು. ಪರಸಣ್ಣ ಮಾತ್ರ ಧೈರ್ಯದಲ್ಲೇ ಇದ್ದ. ಚನ್ನವೀರ ಬರಲಿ, ಅವನನ್ನೇ ಕೇಳಿರಿ ಎಂದ. ಪಂಚರೂ ಒಪ್ಪಿದರು. ಅಲ್ಲಿಯವರೆಗೆ ಪರಸಣ್ಣನ ಸೈಕಲ್ಲನ್ನು ಖೋಲಿಯ ಗೋಡೆಗೆ ಆನಿಸಿ ಸರಪಳಿ ಹಾಕಿದರು.

ಚನ್ನವೀರ ಬಂದ, ಕೈಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡು. ಆಸ್ಪತ್ರೆಯಲ್ಲಿ ಅವನ ಅಜ್ಜಿ ಮೊದಲು ಕೇಳಿದ್ದು ನೋವಿನ ಮಾತಲ್ಲ, ಯಾರ ನೀರು ಕುಡಿದಿ ಎಂದು. ಇದನ್ನು ನನಗೆ ಅಲ್ಲಿಯೇ ಕಸಗುಡಿಸುತ್ತಿದ್ದ ನಮ್ಮ ಕೇರಿಯ ಹೆಂಗಸೊಬ್ಬಳು ಹೇಳಿದಳು. ಕಾಕಾ ಎಲ್ಲರ ಎದುರು ಏನಾತೆಂದು ಕೇಳಿದ. ಚನ್ನವೀರ ನೆಲ ನೋಡಿದ.

"ನನಗ ನೆನಪಿಲ್ರಿ ಕಾಕಾ. ಕಣ್ಣಿಗಿ ಕತ್ತಲಿ ಬಂದಿತ್ತು."

ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನೆನಪಿದೆ ಎಂದಿದ್ದರೆ ಕೂಗದೆ ದಾಟಲು ಹೋದದ್ದನ್ನೂ ಹೇಳಬೇಕಿತ್ತು, ನೀರನ್ನೂ ಹೇಳಬೇಕಿತ್ತು. ಕೈಮುಗಿದು ತಪ್ಪಾಯಿತು ಅಂದರೆ ಸೈಕಲ್ ಒಯ್ಯಬಹುದೆಂದು ಪಂಚರು ಪರಸಣ್ಣನಿಗೆ ಹೇಳಿದರು. ದೊಡ್ಡಪ್ಪ ಗೋಗರೆದ, ಊರಾಗ ಇರಬೇಕಲ್ಲಪಾ ಎಂದ. ಪರಸಣ್ಣ ಕೈ ಮುಗಿಯಲಿಲ್ಲ. ಎದ್ದು ನಡೆದುಕೊಂಡು ಮನೆಗೆ ಹೋದ.

ಸೈಕಲ್ ಆ ಗೋಡೆಗೇ ನಿಂತು ಎರಡು ಮಳೆಗಾಲ ಕಂಡಿತು. ಯಾರೋ ಬೆಲ್ಲು ಬಿಚ್ಚಿಕೊಂಡು ಹೋದರು, ಆಮೇಲೆ ಗಾಲಿ. ನಾವು ದಿನಾ ಅದರ ಮುಂದೆಯೇ ನೀರಿಗೆ, ಕೂಲಿಗೆ ಹೋಗಬೇಕಿತ್ತು. ಒಂದು ಸಂಜೆ ಚನ್ನವೀರ ನಮ್ಮ ಕೇರಿಯ ಅಂಚಿಗೆ ಬಂದು, ಒಳಗೆ ಬಾರದೆ, ಪರಸಣ್ಣನನ್ನು ಕರೆಸಿದ. ನಾನೂ ಜೊತೆಗೆ ಹೋದೆ. ಪರಸಣ್ಣನ ಮೇಲೆ ತಾನು ಯಾವ ಆರೋಪವನ್ನೂ ಮಾಡಿಲ್ಲವೆಂದು ಸುತ್ತಿ ಬಳಸಿ ಹೇಳಿದ.

"ಖರೇ ಅದ," ಎಂದ ಪರಸಣ್ಣ. "ನೀ ಏನೂ ಹೇಳಲಿಲ್ಲ. ಅಷ್ಟ ಸಾಕಾತು ಅವರಿಗೆ."

ಮುಂದೆ ಪರಸಣ್ಣನಿಗೆ ಕಲಘಟಗಿ ಕಡೆಯ ಒಂದು ಶಾಲೆಯಲ್ಲಿ ನೌಕರಿ ಸಿಕ್ಕಿತು. ಊರು ಬಿಟ್ಟ. ನಿವೃತ್ತಿಯ ಮೇಲೆ ನನ್ನ ಬಾಜುವಿಗೇ ಮನೆ ಕಟ್ಟಿಕೊಂಡಿದ್ದಾನೆ. ಒಳ್ಳೆಯ ಮಾಸ್ತರನೆಂದು ಹೆಸರಿದೆ. ಆದರೆ ಮನೆ ಮುಂದೆ ಯಾರಾದರೂ ಗಾಡಿಯಿಂದ ಬಿದ್ದರೆ ಇವನು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡದ್ದನ್ನು ನಾನು ನೋಡಿದ್ದೇನೆ. ಏನೂ ಕೇಳಿಲ್ಲ. ಆ ಇಬ್ಬರಿಗೆ ಬಹುಮಾನ ಹೋಯಿತೆಂದು ನನಗೆ ಸಿಟ್ಟಿಲ್ಲ. ಈ ಬಾಗಿಲಿನ ಬಗ್ಗೆ ಇದೆ.

ನಿನ್ನೆ ಸುಧಾ ಗಾಲಿ ತಿರುಗಿಸಿ ನೋಡುತ್ತ ರೇಸಿನವರು ಕಳಿಸಿದ ನಿಯಮಗಳನ್ನು ಫೋನಿನಲ್ಲಿ ಓದಿ ಹೇಳಿದಳು. ದಾಟುವ ಮುಂಚೆ ಕೂಗಬೇಕಂತೆ, ದನಕರು ಬಂದರೆ ನಿಧಾನಿಸಬೇಕಂತೆ. ಯಾರಾದರೂ ಬಿದ್ದರೆ ನಿಲ್ಲಬೇಕಂತೆ. ಅವಳಿಗೆ ಹಳೆಯದೇನೂ ತಿಳಿಯದು. ನಿಲ್ಲೂದು ಬೇಕೇನಜ್ಜಾ, ಟೈಮ್ ಹೋಗತದಲ್ಲ, ಎಂದು ಪರಸಣ್ಣನನ್ನು ಕೇಳಿದಳು. ನಾನು ಗೋಡೆ ಹಿಡಿದು ನಿಂತೆ. ಅವನು ಬೇಡ ಎನ್ನುತ್ತಾನೆಂದೇ ತಿಳಿದಿದ್ದೆ.

ಪರಸಣ್ಣ ಪೇಪರು ಮಡಚಿದ. ಮೊದಲ ಸಲ ಸೈಕಲ್ಲಿನ ಕಡೆ ನೋಡಿದ.

"ನಿಲ್ಲಬೇಕವ್ವಾ," ಎಂದ. "ಆದ್ರ ಒಬ್ಬಾಕಿನ ನಿಲ್ಲಬ್ಯಾಡ. ಹಿಂದ ಬರೂ ಯಾರನ್ನರ ಜೋಡಿ ನಿಲ್ಲಿಸ್ಕೊ."

"ಎತ್ತಾಕೇನಜ್ಜಾ?"

"ಎತ್ತಾಕಲ್ಲ," ಎಂದ. "ನೋಡಾಕ."